ಮನೆಪೆದ ಕೇಳುವ ನಾಡಿನಲ್ಲಿ ಐದು ದಿನ

ರಾಮನಾಥಪುರದಲ್ಲಿ ಕಾವೇರಿಯ ದಂಡೆಯ ಮೇಲಿದ್ದ ನಮ್ಮ ಮನೆಯನ್ನು ಮಾರಿ ಆರು ವರ್ಷವಾಯಿತು. ಪಾಲುಪಾರಿಕತ್ತು ಆದ ಮೇಲೆ ಅದನ್ನು ಉಳಿಸಿಕೊಳ್ಳುವ ಕಸುವು ಅಣ್ಣಂದಿರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅಂದಿನಿಂದ ಅರಕಲಗೂಡಿನ ಬಾಡಿಗೆ ಮನೆಯಲ್ಲಿದ್ದೇನೆ, ಅಲ್ಲಿಯೇ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಬಿ.ಎಡ್. ಓದುವಾಗ ಜೊತೆಗಿದ್ದ ಗೆಳತಿ ಮದುವೆಯಾಗಿ ಸೇರಿದ ಮನೆ ಕೊಡಗಿನ ನಾಪೋಕ್ಲಿನ ಕಡೆಯದು. ಹಲವು ವರ್ಷಗಳಿಂದ ಕರೆಯುತ್ತಿದ್ದಳು. ಈ ಸಲ ಫೋನಿನಲ್ಲಿ, "ಮಂಜು ನೋಡಲು ಬರುವುದಾದರೆ ಬರಲೇ ಬೇಡ, ಪುತ್ತರಿಗೆ ಬಾ, ಐನ್‌ಮನೆಯಲ್ಲಿ ಎರಡು ರಾತ್ರಿ ಇರು" ಎಂದಳು. ಪುತ್ತರಿ ಕೊಡಗಿನ ಸುಗ್ಗಿಯ ಹಬ್ಬ, ಐನ್‌ಮನೆ ಎಂದರೆ ಮನೆತನದ ಮೂಲ ಮನೆ. ಹೊರಟೆ.

ಮೊದಲ ದಿನ: ಏಳು ಬಟ್ಟಲು ನೀರು

ಬೆಳಿಗ್ಗೆಯ ಬಸ್ಸು ರಾಮನಾಥಪುರದಲ್ಲಿ ಐದು ನಿಮಿಷ ನಿಂತಿತು. ನಾನು ಕಿಟಕಿಯ ಆಚೆ ನೋಡಲಿಲ್ಲ. ಕೊಣನೂರು, ಶಿರಂಗಾಲ, ಹೆಬ್ಬಾಲೆ, ಕೂಡಿಗೆ ದಾಟಿ ಕುಶಾಲನಗರದಲ್ಲಿ ಇಳಿದಾಗ ಹತ್ತೂವರೆ. ಮಡಿಕೇರಿಗೆ ಹೋಗಲು ಇನ್ನೂ ಹೊತ್ತಿತ್ತು, ಆಟೋ ಹಿಡಿದು ಬೈಲುಕುಪ್ಪೆಗೆ ಹೋದೆ. ಜಿಲ್ಲೆಯ ಲೆಕ್ಕದಲ್ಲಿ ಅದು ಮೈಸೂರಿನದು, ಪಿರಿಯಾಪಟ್ಟಣ ತಾಲ್ಲೂಕು. ನಡುವೆ ಇರುವುದು ಕಾವೇರಿ ಮಾತ್ರ, ಸೇತುವೆ ದಾಟಿದರೆ ಆಯಿತು.

ಟಿಬೆಟಿನಿಂದ ಬಂದವರಿಗಾಗಿ 1961ರಲ್ಲಿ ಇಲ್ಲಿ ಮೊದಲ ನೆಲೆ ಆಯಿತು. ಅಂದಿನ ಮೈಸೂರು ರಾಜ್ಯ ಕಾಡು ನೆಲವನ್ನು ಬಿಟ್ಟುಕೊಟ್ಟಿತ್ತು. ಬಂದವರೇ ಕಾಡು ಕಡಿದು, ಆನೆ ಕಾದು, ಜೋಳ ಬೆಳೆದರು. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ನಾಮ್‌ಡ್ರೋಲಿಂಗ್ ಮಠವನ್ನು ಕಟ್ಟಲು ತೊಡಗಿದರು. ಪ್ರವಾಸಿಗರೆಲ್ಲ ಗೋಲ್ಡನ್ ಟೆಂಪಲ್ ಎಂದು ಕರೆಯುವ ಗುಡಿ ಅದರ ಆವರಣದಲ್ಲಿಯೇ ಇದೆ, ಅದು 1999ರದು. ಮೂರು ದೊಡ್ಡ ಚಿನ್ನದ ಬಣ್ಣದ ಮೂರ್ತಿಗಳ ಎದುರು ಮೊಬೈಲ್ ಹಿಡಿದವರ ಸಾಲು ಕರಗುವ ಹಾಗೆ ಕಾಣಲಿಲ್ಲ. ಕೈಮುಗಿದು ಹೊರಬಂದೆ.

ಊಟಕ್ಕೆ ಹೊಕ್ಕ ಪುಟ್ಟ ಹೋಟೆಲನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ಥುಕ್ಪಾದ, ಅಂದರೆ ಟಿಬೆಟಿನ ನೂಡಲ್ ಸಾರಿನ, ಬಟ್ಟಲನ್ನು ಮುಂದಿಟ್ಟು, "ಖಾರ ಬೇಕಾ ಅಕ್ಕ?" ಎಂದು ನನ್ನಷ್ಟೇ ಸಲೀಸಾದ ಕನ್ನಡದಲ್ಲಿ ಕೇಳಿದರು. ಹೆಸರು ತೆನ್‌ಜಿನ್. ಮಗನ ಹೆಸರೂ ತೆನ್‌ಜಿನ್, ಪಕ್ಕದ ಅಂಗಡಿಯ ಹುಡುಗಿಯೂ ತೆನ್‌ಜಿನ್. ಅದು ದಲೈ ಲಾಮಾ ಅವರ ಹೆಸರಿನ ಭಾಗ. ಮಗು ಹುಟ್ಟಿದಾಗ ಗುರುವಿನಿಂದ ಹೆಸರು ಪಡೆದರೆ ಹೀಗೆಯೇ ಬರುತ್ತದೆ ಎಂದರು. ಮನೆತನದ ಹೆಸರು ಇಲ್ಲವೇ ಎಂದೆ. "ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಗುರು ಕೊಟ್ಟದ್ದೇ ಹೆಸರು."

ಗಲ್ಲಾಪೆಟ್ಟಿಗೆಯ ಮೇಲಿನ ಗೂಡಿನಲ್ಲಿ ದಲೈ ಲಾಮಾ ಅವರ ಪಟ. ಅದರ ಮುಂದೆ ಏಳು ಪುಟ್ಟ ಹಿತ್ತಾಳೆ ಬಟ್ಟಲು, ಒಂದಕ್ಕೊಂದು ತಾಗದಂತೆ, ಒಂದು ಗೋಧಿಕಾಳಿನಷ್ಟು ಸಂದಿ ಬಿಟ್ಟು, ಅಂಚಿನವರೆಗೆ ನೀರು ತುಂಬಿ ಸಾಲಾಗಿ ಇಟ್ಟಿದ್ದರು. ಬೆಳಿಗ್ಗೆ ಎಡದಿಂದ ಬಲಕ್ಕೆ ತುಂಬಬೇಕು, ಸಂಜೆ ಚೆಲ್ಲಿ ಒರೆಸಿ ಬೋರಲಿಡಬೇಕು. ಅವರ ತಾಯಿ ಟಿಬೆಟಿನಿಂದ ಬರುವಾಗ ಬಟ್ಟಲುಗಳನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದರಂತೆ. ಆ ಮನೆ ಹೇಗಿತ್ತೆಂದು ಮಗಳಿಗೆ ಗೊತ್ತಿಲ್ಲ, ಅವರು ಹುಟ್ಟಿದ್ದು ಇಲ್ಲಿ. "ನೀರು ಮಾತ್ರ ಇಲ್ಲಿಯದು" ಎಂದರು. ಇಲ್ಲಿಯದು ಎಂದರೆ ನನ್ನ ಊರಿಗೂ ಹರಿದು ಬರುವ ನೀರು. ಆ ಮಾತು ಸಂಜೆ ಮಡಿಕೇರಿಯ ಬಸ್ಸು ಘಾಟಿ ಹತ್ತುವವರೆಗೂ ನನ್ನನ್ನು ಬಿಡಲಿಲ್ಲ.

ಎರಡನೆಯ ದಿನ: ಮಡಿಕೇರಿ

ಈ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಓಂಕಾರೇಶ್ವರನ ಗುಡಿ, ಅರಸರ ಸಮಾಧಿಗಳಿರುವ ಗದ್ದಿಗೆ, ಕೋಟೆ ಎಲ್ಲವನ್ನೂ ನೋಡಿದವರು ಬಹಳ ಜನ ಇದ್ದಾರೆ. ಒಂದು ವಿಷಯವನ್ನು ಮಾತ್ರ ಹೇಳಲೇಬೇಕು. ಕೊಡಗನ್ನು ಆಳಿದ ಹಾಲೇರಿ ವಂಶದ ಅರಸರು ವೀರಶೈವರು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಶಿವನ ಗುಡಿಗೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಗದ್ದಿಗೆಯಲ್ಲಿಯೂ ಅದೇ ಗುಮ್ಮಟ, ಮೂಲೆಗಳಲ್ಲಿ ನಂದಿ. ಪ್ರಜೆಗಳಾದ ಕೊಡವರು ಪೂಜಿಸುತ್ತಿದ್ದುದು ತಮ್ಮ ಹಿರಿಯರನ್ನು. ಇಷ್ಟನ್ನೂ ಒಂದೇ ಊರಿನಲ್ಲಿ ನೋಡಿದ ಮೇಲೆ, ಕಟ್ಟಡದ ಚಹರೆಯಿಂದ ದೇವರ ಜಾತಿ ಹೇಳುವವರ ಮಾತು ನನ್ನ ಕಿವಿಗೆ ಹತ್ತುವುದಿಲ್ಲ.

ಉಳಿದುಕೊಂಡಿದ್ದು ಅರೆಭಾಷೆ ಗೌಡರೊಬ್ಬರ ಮನೆಯಲ್ಲಿ. ಮನೆಯ ಯಜಮಾನರು ಕೋಟೆಯವರೆಗೆ ನನ್ನೊಡನೆ ನಡೆದುಬಂದರು. ಅಮರಸುಳ್ಯದ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಬ್ರಿಟಿಷರು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಇಲ್ಲಿಯೇ. ಅದನ್ನು ಹೇಳುವಾಗ ಅವರು ಚಪ್ಪಲಿ ಕಳಚಿ ನಿಂತಿದ್ದರು. ಗುಡ್ಡೆಮನೆ ಎಂಬುದೂ ಮನೆಯ ಹೆಸರೇ. ಅರೆಭಾಷೆಯವರಿಗೂ ಐನ್‌ಮನೆ ಉಂಟು, ಪುತ್ತರಿಯನ್ನು ಅವರು ಹುತ್ತರಿ ಎನ್ನುತ್ತಾರೆ. ಅವರ ತಂಗಿಯ ಮನೆ 2018ರ ಆಗಸ್ಟ್ ಮಳೆಯಲ್ಲಿ ಗುಡ್ಡದೊಂದಿಗೆ ಜಾರಿಹೋಯಿತು. "ಪುನರ್ವಸತಿಯ ಮನೆ ಚೆನ್ನಾಗಿದೆ. ಆದರೆ ಹಿರಿಯರಿಗೆ ಎಡೆ ಎಲ್ಲಿ ಇಡುವುದು ಎಂದು ಎರಡು ವರ್ಷ ತಿಳಿಯಲಿಲ್ಲ" ಎಂದರು.

ಮೂರನೆಯ ದಿನ: ಕದಿರು

ಮೂರ್ನಾಡಿನ ದಾರಿಯಾಗಿ ನಾಪೋಕ್ಲಿಗೆ ಬಂದಾಗ ಗೆಳತಿ ಜೀಪಿನೊಂದಿಗೆ ಕಾಯುತ್ತಿದ್ದಳು. ಸೀರೆಯ ನೆರಿಗೆಯನ್ನು ಕೊಡಗಿನ ರೀತಿ ಹಿಂದಕ್ಕೆ ಉಟ್ಟಿದ್ದಳು. ಬಲಮುರಿಯಲ್ಲಿ ಕಾವೇರಿಯನ್ನು ತಡೆಯಲು ಹೋದ ಹೆಂಗಸರ ನೆರಿಗೆಗಳನ್ನು ನೀರಿನ ರಭಸ ಹಿಂದಕ್ಕೆ ತಳ್ಳಿತಂತೆ, ಅಂದಿನಿಂದ ಹೀಗೆ. ಕಾವೇರಿ ಇಲ್ಲಿ ಮೊದಲು ಮನೆಮಗಳು, ಆಮೇಲೆ ದೇವಿ. ಅವಳ ವಿಷಯ ಬಂದರೆ ಎಲ್ಲರ ದನಿಯೂ ಮೆತ್ತಗಾಗುತ್ತದೆ.

ಬಾಳೆಹಣ್ಣು ಕೊಳ್ಳಲು ಅಂಗಡಿಯೊಂದರ ಮುಂದೆ ನಿಂತೆವು. ಬಿಳಿ ಟೋಪಿ ಧರಿಸಿದ್ದ ಅಂಗಡಿಯ ಹಿರಿಯರು ಗೆಳತಿಯೊಂದಿಗೆ ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ನುಡಿಯಲ್ಲಿ, ಮಾತಾಡುತ್ತಿದ್ದರು. ವ್ಯಾಪಾರಕ್ಕಾಗಿ ಕಲಿತದ್ದು ಎಂದುಕೊಂಡೆ. ಅವರು ನನ್ನತ್ತ ತಿರುಗಿ, "ನಿಂಗಡ ಮನೆಪೆದ ಎಂತ?" ಎಂದರು. ನಿಮ್ಮ ಮನೆಯ ಹೆಸರೇನು ಎಂದು ಅರ್ಥ. ನಾನು ತಡವರಿಸಿದೆ. ಅವರು ಕನ್ನಡಕ್ಕೆ ಹೊರಳಿ ತಮ್ಮ ಪರಿಚಯ ಹೇಳಿಕೊಂಡರು: ಮೊದಲು ಮನೆಪೆದ, ಆಮೇಲೆ ತಮ್ಮ ಹೆಸರು. ಅವರು ಕೊಡವ ಮಾಪಿಳ್ಳೆ, ಕೊಡಗಿನ ಮುಸ್ಲಿಮರು. ಮನೆಮಾತು ಕೊಡವ ತಕ್ಕ್. ಅದೇ ಮನೆಪೆದದ ಕೊಡವ ಒಕ್ಕವೂ, ಅಂದರೆ ಮನೆತನವೂ, ಇದೆಯಂತೆ. "ಅವರ ಮದುವೆಗೆ ನಮಗೆ ಕರೆ ಬರುತ್ತದೆ, ನಮ್ಮ ಮದುವೆಗೆ ಅವರಿಗೆ. ನಮಾಜು ನಮ್ಮದು, ಕಾರೋಣ ಅವರದು, ಹೆಸರು ಇಬ್ಬರದು" ಎಂದರು. ಕಾರೋಣ ಎಂದರೆ ಒಕ್ಕದವರು ಪೂಜಿಸುವ ಹಿರಿಯ. ನಾಪೋಕ್ಲಿನ ಹತ್ತಿರದ ಎಮ್ಮೆಮಾಡಿನಲ್ಲಿ ಸೂಫಿ ಶಹೀದರ ದರ್ಗಾ ಇದೆ. ಉರೂಸಿಗೆ ಎಲ್ಲ ಧರ್ಮದವರೂ ಬರುತ್ತಾರೆ. ಹೋಗಿ ಬಂದೆವು. ಇತ್ತೀಚಿನ ವರ್ಷಗಳಲ್ಲಿ ಈ ನಾಡಿನಲ್ಲಿಯೂ ಕಹಿ ಮಾತುಗಳು ಎದ್ದಿವೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಕಾರಣಕ್ಕೆ ಅಂಗಡಿಯ ಹಿರಿಯರ ಮಾತನ್ನು ಅವರು ಹೇಳಿದ ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ.

ಐನ್‌ಮನೆಗೆ ಹೋಗುವ ಓಣಿಯ ಎರಡೂ ಬದಿ ಮಣ್ಣಿನ ಎತ್ತರದ ಬರೆ. ಕೊನೆಯಲ್ಲಿ ಮೆಟ್ಟಿಲು, ಮೇಲೆ ಮನೆ. ಮುಂದೆ ಕಯ್ಯಾಲೆಯ ಜಗಲಿ, ಕಂಬಗಳ ನಡುವೆ ಐಮರ ಎಂಬ ಅಗಲವಾದ ಒಂದೇ ಹಲಗೆ, ತಲೆಮಾರುಗಳು ಕೂತು ಕೂತು ಕನ್ನಡಿಯಾಗಿತ್ತು. ಒಳಗೆ ಮಳೆ ಬಿಸಿಲು ಬೀಳುವ ನಡುಮುಟ್ಟ, ಅದರಾಚೆ ಮನೆಯ ನಡುಕೋಣೆ, ನೆಲ್ಲಕ್ಕಿ ನಡುಬಾಡೆ. ಅಲ್ಲಿ ತೂಗುವ ದೀಪ, ತೂಕ್‌ಬೊಳ್ಚ. ದೇವರ ವಿಗ್ರಹಕ್ಕಾಗಿ ನನ್ನ ಕಣ್ಣು ಹುಡುಕಿತು. ಈ ಮನೆಯ ನಡುವಿನಲ್ಲಿ ಇರುವುದು ದೀಪ, ದೀಪದ ಹಿಂದೆ ಒಕ್ಕದ ಮೊದಲ ಹಿರಿಯ, ಗುರು ಕಾರೋಣ.

ಒಕ್ಕದ ಹಿರಿಯ ಯಜಮಾನರಾದ ಪಟ್ಟೆದಾರರಿಗೆ ಎಂಬತ್ತೆರಡು ವರ್ಷ. ಕಿರಿಯರು ಒಬ್ಬೊಬ್ಬರಾಗಿ ಬಂದು ಅವರ ಕಾಲನ್ನು ಮೂರು ಸಲ ಮುಟ್ಟಿ ನಮಸ್ಕರಿಸುತ್ತಿದ್ದರು. ನಾನೂ ನಮಸ್ಕರಿಸಿದೆ. ಅವರೂ ಅದನ್ನೇ ಕೇಳಿದರು, ಮನೆಪೆದ. "ನಮಗೆ ಮನೆಯ ಹೆಸರು ಇಲ್ಲ ಅಜ್ಜ. ಇದ್ದ ಮನೆಯನ್ನೂ ಮಾರಿದೆವು" ಎಂದೆ. ಮಾರಿದ್ದು ಯಾವ ಊರಿನಲ್ಲಿ ಎಂದು ಕೇಳಿದರು. ರಾಮನಾಥಪುರ, ಹೊಳೆಯ ದಂಡೆ ಎಂದೆ. "ಓ, ನಮ್ಮ ಹೊಳೆಯ ಕೆಳಗಿನವರು" ಎಂದು ಐಮರದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಪುದಿಯ ಅರಿ, ಅಂದರೆ ಹೊಸ ಅಕ್ಕಿ, ಅದೇ ಪುತ್ತರಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಮಳೆ-ಬೆಳೆಯ ದೇವರು. ಅವನ ಸನ್ನಿಧಿಯಲ್ಲಿ ದಿನ, ಮುಹೂರ್ತ ಗೊತ್ತಾಗಿ, ಅಲ್ಲಿ ಮೊದಲು ಕದಿರು ತೆಗೆದ ಮೇಲೆಯೇ ನಾಡಿನ ಗದ್ದೆಗಳಿಗೆ ಕುಡುಗೋಲು. ಸಂಜೆಯ ಹೊತ್ತಿಗೆ ಬೆಂಗಳೂರು, ಮೈಸೂರು, ದುಬೈಯಿಂದ ಬಂದವರು ಸೇರಿ ಮನೆಯಲ್ಲಿ ಅರವತ್ತು ಜನರಾದರು. ಗಂಡಸರು ಕಪ್ಪು ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು, ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡರು. ಮಾವು, ಅರಳಿ ಸೇರಿ ಐದು ಬಗೆಯ ಎಲೆಗಳನ್ನು ನಾರಿನಿಂದ ಸುತ್ತಿ ನೆರೆ ಕಟ್ಟಿದರು. ಗೆಳತಿ ತಳಿಯತಕ್ಕಿ ಬೊಳ್ಚ, ಅಂದರೆ ಅಕ್ಕಿ ಹರಡಿದ ತಟ್ಟೆಯ ಮೇಲಿನ ದೀಪವನ್ನು ಹಿಡಿದು ಮುಂದೆ ನಡೆದಳು. ಬೆಳದಿಂಗಳಲ್ಲಿ ಗದ್ದೆಯ ಬದು ಹಿಡಿದು ಎಲ್ಲರೂ ಹಿಂದೆ ಹೊರಟೆವು.

ಕದಿರು ತೆಗೆದದ್ದು ಇಪ್ಪತ್ತರ ಹುಡುಗ, ಮೊದಲ ಸಲವಂತೆ. ಪೈರಿನ ಬುಡಕ್ಕೆ ಹಾಲು, ಜೇನು ಎರೆದರು. ಅವನು ಬಗ್ಗಿ ಎಡಗೈಯಲ್ಲಿ ತೆನೆಗಳನ್ನು ಕೂಡಿಸಿ ಹಿಡಿದ. ಇಬ್ಬನಿಗೆ ತೆನೆ ಜಾರುತ್ತಿತ್ತು, ಅವನ ಬೆರಳುಗಳು ನಡುಗುವುದು ದೀಪದ ಬೆಳಕಿನಲ್ಲಿ ನನಗೆ ಕಾಣುತ್ತಿತ್ತು. ಪಕ್ಕದಲ್ಲಿದ್ದ ಚಿಕ್ಕಪ್ಪ ಏನೂ ಹೇಳದೆ ಮೊಣಕೈಯನ್ನು ಮಾತ್ರ ಮುಟ್ಟಿದರು. ಕೋವಿಯ ಒಂದು ಗುಂಡು ಆಕಾಶಕ್ಕೆ ಹಾರಿತು, ಅದರ ಸದ್ದು ಅಡಗುವ ಮೊದಲೇ ಅರವತ್ತು ಗಂಟಲು ಒಂದಾಗಿ, "ಪೊಲಿ ಪೊಲಿ ದೇವಾ!" ಹೆಚ್ಚಲಿ, ತುಂಬಲಿ ಎಂಬ ಕೂಗು. ದೂರದ ಇನ್ನೊಂದು ಗದ್ದೆಯಿಂದ ಅದೇ ಕೂಗು, ಗುಡ್ಡದಾಚೆಯಿಂದ ಮತ್ತೊಂದು. ಕತ್ತಲೆಯಲ್ಲಿ ನಾಡು ತನ್ನ ಮನೆಗಳನ್ನು ತಾನೇ ಎಣಿಸಿಕೊಂಡಂತೆ ಕೇಳಿಸಿತು. ನನ್ನ ಕಣ್ಣು ತುಂಬಿತ್ತು.

ಮನೆಗೆ ತಂದ ಕದಿರನ್ನು ದೀಪಕ್ಕೆ, ಕಂಬಗಳಿಗೆ, ಬಾಗಿಲಿಗೆ ಕಟ್ಟಿದರು. ಆಮೇಲೆ ಹಿರಿಯರಿಗೆ ಮೀದಿ: ಬಾಳೆಲೆಯ ಮೇಲೆ ಹೊಸ ಅಕ್ಕಿಯ ಪಾಯಸ, ತಂಬಿಟ್ಟು, ಮಾಂಸದಡುಗೆ, ಜೊತೆಗೆ ಮದ್ಯ. ಪುರೋಹಿತರಿಲ್ಲ, ಮಂತ್ರವಿಲ್ಲ. ಪಟ್ಟೆದಾರರು ತಮ್ಮ ಮಾತಿನಲ್ಲಿಯೇ, ಎದುರಿಗಿರುವವರನ್ನು ಕರೆಯುವ ಹಾಗೆ, ಕಾರೋಣನನ್ನು ಊಟಕ್ಕೆ ಕರೆದರು. ನಾನು ಮಾಂಸ ತಿನ್ನದ ಮನೆಯವಳು. ಅಪ್ಪನ ತಿಥಿಯಲ್ಲಿ ಪುರೋಹಿತರು ಹೇಳಿಕೊಟ್ಟ ಸಂಸ್ಕೃತವನ್ನು ಅಣ್ಣ ಅರ್ಥ ತಿಳಿಯದೆ ಒಪ್ಪಿಸುವುದನ್ನು ನೋಡುತ್ತ ಬೆಳೆದೆ. ಸತ್ತವರನ್ನು ಮನೆಮಾತಿನಲ್ಲಿ ಊಟಕ್ಕೆ ಕರೆಯಬಹುದು ಎಂಬುದು ನನಗೆ ಆ ರಾತ್ರಿ ಹೊಸದಾಗಿ ತಿಳಿಯಿತು. ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಸ್ಕೃತೀಕರಣ ಎಂಬ ವಿಚಾರವನ್ನು ಮುಂದಿಟ್ಟರು, ಮೇಲಿನವರ ಆಚಾರವನ್ನು ಕೆಳಗಿನವರು ತಮ್ಮದಾಗಿಸಿಕೊಳ್ಳುವ ಬಗೆ. ಅದು ನಡೆದಿರುವುದು ನಿಜ. ಆದರೆ ನೆಲ್ಲಕ್ಕಿಯ ಆ ದೀಪದ ಕೆಳಗೆ ಅದು ಇನ್ನೂ ಬಂದಿಲ್ಲ.

ತುಪ್ಪ, ಎಳ್ಳು ಹಾಕಿದ ತಂಬಿಟ್ಟು, ಬೇಯಿಸಿದ ಪುತ್ತರಿ ಗೆಣಸಿಗೆ ಜೇನು, ಕಡಂಬಟ್ಟು, ಕುಂಬಳದ ಪಲ್ಯ, ಇವು ನನ್ನ ಎಲೆಗೆ. ಊಟದ ನಡುವೆ ಜನಗಣತಿಯ ಮಾತು ಎದ್ದಿತು. ಧರ್ಮದ ಕಾಲಂನಲ್ಲಿ ಹಿಂದೂ ಎಂದೇ ಬರೆಸಬೇಕೇ, ಕೊಡವ ಎಂದು ಬರೆಸಬೇಕೇ? ಬೆಂಗಳೂರಿನ ಎಂಜಿನಿಯರ್ ಹುಡುಗನೊಬ್ಬ, "ನಮಗೆ ಗುರು ಕಾರೋಣನೇ ದೇವರು, ನಮ್ಮ ಧರ್ಮವೇ ಬೇರೆ" ಎಂದ. ಅವನ ದೊಡ್ಡಮ್ಮ ಸಿಟ್ಟಾದರು: "ಕಾವೇರಮ್ಮ ಬೇರೆಯಾ? ಇಗ್ಗುತ್ತಪ್ಪ ಬೇರೆಯಾ?" ದನಿಗಳು ಏರಿದವು. ಪಟ್ಟೆದಾರರು ಕೊನೆಗೆ ಹೇಳಿದರು: "ಏನು ಬೇಕಾದರೂ ಬರೆಸಿ. ನಾಳಿದ್ದು ನೀವೆಲ್ಲ ಹೋದ ಮೇಲೆ ಈ ಮನೆಯಲ್ಲಿ ನಾವು ಇಬ್ಬರೇ. ನನಗೆ ಎದ್ದು ಬತ್ತಿ ಹಾಕಲು ಆಗದ ದಿನ ಯಾರು ಬರುತ್ತೀರಿ, ಅದನ್ನು ಮೊದಲು ಬರೆಸಿ." ಯಾರೂ ಉತ್ತರ ಕೊಡಲಿಲ್ಲ. ಎಂಜಿನಿಯರ್ ಹುಡುಗ ತಲೆ ತಗ್ಗಿಸಿ ಎಲೆ ಮಡಿಸಿದ.

ಇಡೀ ಪ್ರವಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಅದು. ಕೊಡವ ತಕ್ಕನ್ನು ತಾಯ್ನುಡಿ ಎಂದು ಬರೆಸಿದವರು 2001ರಲ್ಲಿ 1,66,187, 2011ರಲ್ಲಿ 1,13,857. ಕೊಡವರಲ್ಲದೆ ಹೆಗ್ಗಡೆ, ಐರಿ, ಮೇದ, ಕೆಂಬಟ್ಟಿ ಮುಂತಾದ ಹಲವು ಸಮುದಾಯಗಳ ಮನೆಮಾತೂ ಇದೇ ಆಗಿದ್ದು, ಎಲ್ಲರನ್ನೂ ಸೇರಿಸಿ ಈ ಲೆಕ್ಕ. ಮನೆ ಬರಿದಾದರೆ ಮಾತು ಎಲ್ಲಿ ಕೂರುತ್ತದೆ?

ರಾತ್ರಿ ಹನ್ನೊಂದರ ಮೇಲೆ ದುಡಿ ಹಿಡಿದ ನಾಲ್ವರು ನಡುಮುಟ್ಟದ ಬದಿಯಲ್ಲಿ ಕೂತು "ಬಾಳೋ ಬಾಳೋ" ಎಂದು ಎತ್ತಿಕೊಂಡರು. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಅಚ್ಚು ಹಾಕಿಸಿದ್ದು ಕನ್ನಡ ಲಿಪಿಯಲ್ಲಿ. ಕನ್ನಡದ ಮೇಷ್ಟರಾಗಿ ಅದು ನನಗೆ ಹೆಮ್ಮೆ. ನಮ್ಮ ಅಕ್ಷರ ಇನ್ನೊಂದು ನುಡಿಯನ್ನು ಕಾಪಿಟ್ಟ ಹೆಮ್ಮೆ.

ನಾಲ್ಕನೆಯ ದಿನ: ಮಣ್ಣಿನ ನಾಯಿಗಳು

ಗೆಳತಿಯ ಮಗ ದೇವರಕಾಡಿಗೆ ಕರೆದುಕೊಂಡು ಹೋದ. ಜಿಲ್ಲೆಯಲ್ಲಿ ಇಂಥ ದೇವರಕಾಡುಗಳು 1,214 ಎಂದು ಲೆಕ್ಕ. ಕಾಫಿ ತೋಟದ ಬೇಲಿ ಮುಗಿದಲ್ಲಿ ಚಪ್ಪಲಿ ಬಿಟ್ಟೆವು. ಒಳಗಿನಿಂದ ಒಣ ಕಡ್ಡಿಯನ್ನೂ ತರುವಂತಿಲ್ಲ. ಹತ್ತು ಹೆಜ್ಜೆ ಇಟ್ಟರೆ ಬೆಳಕು ಹಸಿರಾಗಿ, ತೋಟದ ಸದ್ದು ಅಡಗಿತು. ಇಲ್ಲಿಯ ದೇವರು ಅಯ್ಯಪ್ಪ, ಬೇಟೆಯ ದೇವರು. ಅವನಿಗೆ ಹರಕೆ ಮಣ್ಣಿನ ನಾಯಿ. ಮರದ ಬುಡದಲ್ಲಿ ನೂರಾರು ನಾಯಿಗಳು ಗುಡ್ಡೆಯಾಗಿದ್ದವು. ಹೊಸವು ಕೆಂಪಗೆ, ಹಳೆಯವು ಪಾಚಿ ಹಿಡಿದು, ಅದಕ್ಕಿಂತ ಹಳೆಯವು ಮತ್ತೆ ಮಣ್ಣು. ಕಿವಿ ಮುರಿದ ಒಂದು ನಾಯಿಯ ಬೆನ್ನ ಮೇಲೆ ಮಾಡಿದವರ ಹೆಬ್ಬೆರಳಿನ ಗುರುತು ಹಾಗೆಯೇ ಇತ್ತು.

ಹಿಂದಿರುಗುವಾಗ ತೋಟದ ಕೂಲಿಕಾರರ ಲೈನ್ ಮನೆಯ ಮುಂದೆ ಎರವ ಎಂಬ ಆದಿವಾಸಿ ಸಮುದಾಯದ ಒಬ್ಬ ಹೆಂಗಸು ಕಾಫಿ ಹಣ್ಣಿನ ಚೀಲ ಇಳಿಸಿ ಕೂತಿದ್ದರು. ನಾಲ್ಕು ದಿನಗಳ ಅಭ್ಯಾಸ ನನ್ನ ನಾಲಗೆಗೆ ಹತ್ತಿತ್ತು, ಮನೆಪೆದ ಕೇಳಿಬಿಟ್ಟೆ. ಅವರು ಸಹಜವಾಗಿ ಹೇಳಿದರು: "ನಮಗೆ ಎಲ್ಲಿಯ ಮನೆಪೆದ ಅಕ್ಕ? ಯಾರ ತೋಟದಲ್ಲಿ ಇರುತ್ತೇವೋ ಆ ಮನೆಯ ಹೆಸರು ಹೇಳುತ್ತೇವೆ." ನನ್ನ ಮೈ ಬೆವರಿತು. ಎರವರು ಒಂದು ಕಾಲದಲ್ಲಿ ಜಮೀನಿನೊಂದಿಗೆ ಕೈಬದಲಾಗುತ್ತಿದ್ದ ಜೀತದಾಳುಗಳು. ಅವರದೇ ನುಡಿ, ಅವರದೇ ಹಿರಿಯರ ಪೂಜೆ ಇದೆ. ಮನೆ ಮಾತ್ರ ಇರಲಿಲ್ಲ. ಐನ್‌ಮನೆಯ ದೀಪಕ್ಕೆ ನಿನ್ನೆ ಕಣ್ಣು ತುಂಬಿಕೊಂಡವಳು, ಆ ಗದ್ದೆಯಲ್ಲಿ ನಾಟಿ ಮಾಡಿದ ಕೈ ಯಾರದೆಂದು ಕೇಳಿರಲಿಲ್ಲ. ಸಂಜೆ ಊರವರು ಸೇರುವ ಬಯಲಾದ ಮಂದ್‌ನಲ್ಲಿ ಕೋಲಾಟ ಸೊಗಸಾಗಿತ್ತು, ನಾನು ಅಂಚಿನಲ್ಲಿ ನಿಂತು ನೋಡಿದೆ. ರಾತ್ರಿ ಗೆಳತಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ನಾವೂ ಕೇಳಿಲ್ಲ" ಎಂದಳು.

ಐದನೆಯ ದಿನ: ಹೊಳೆಯ ಕೆಳಗೆ

ಹೊರಡುವಾಗ ಪಟ್ಟೆದಾರರು ಏಳು ತೆನೆಗಳ ಕದಿರನ್ನು ನೆರೆಯ ಎಲೆಯಲ್ಲಿ ಸುತ್ತಿ ಕೊಟ್ಟರು. "ಬಾಗಿಲಿಗೆ ಕಟ್ಟು ಮಗಳೇ" ಎಂದರು. ಬಾಡಿಗೆ ಮನೆಯ ಬಾಗಿಲಾದರೂ ಆಗುತ್ತದೆಯೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಕುಶಾಲನಗರಕ್ಕೆ ಬರುವ ಮೊದಲು ಬಸವನಹಳ್ಳಿಯಲ್ಲಿ ಇಳಿದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕೆಡವಿದಾಗ ಅವರು ಚಳಿಯಲ್ಲಿ ಅಲ್ಲಿಯೇ ಕೂತು ಹೋರಾಡಿದ್ದರು. ಆಮೇಲೆ ಹಲವರಿಗೆ ಮನೆ ಕಟ್ಟಿಕೊಟ್ಟದ್ದು ಇಲ್ಲಿ ಮತ್ತು ಬ್ಯಾಡಗೊಟ್ಟದಲ್ಲಿ. ಒಂದೇ ಅಚ್ಚಿನ ಮನೆಗಳ ಸಾಲು. ಒಂದು ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ, ಅದರ ಕೆಳಗೆ ಯಾರೋ ಮಕ್ಕಳು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು: ನಮ್ಮ ಮನೆ. 'ಮ್ಮ' ಒತ್ತು ಸ್ವಲ್ಪ ಓರೆಯಾಗಿತ್ತು. ಅದನ್ನು ತಿದ್ದುವ ಮನಸ್ಸು ಯಾವ ಮೇಷ್ಟರಿಗೂ ಬರಬಾರದು.

ಅರಕಲಗೂಡಿನ ಬಸ್ಸು ಸಂಜೆ ರಾಮನಾಥಪುರದಲ್ಲಿ ನಿಂತಿತು. ನಾನು ಇಳಿದೆ. ಹೊಳೆಯ ಕಡೆಗಿನ ಬೀದಿಯಲ್ಲಿ ಮೂರನೆಯ ಮನೆ. ಜಗಲಿಗೆ ಹೊಸ ಬಣ್ಣ ಬಂದಿದೆ, ಬಾಗಿಲು ಅದೇ. ಹೊರಬಂದ ಹೆಂಗಸು, "ಯಾರು ಬೇಕಿತ್ತು?" ಎಂದರು. ಮಾರಿದವರ ತಂಗಿ ಎಂದೆ, ಕೊಡಗಿನಿಂದ ಬರುತ್ತಿದ್ದೇನೆ, ಹೊಸ ಬತ್ತದ ಕದಿರು, ಬಾಗಿಲಿಗೆ ಕಟ್ಟುವುದು ಎಂದೆ. ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡರು. ಹಿಂದೆ ಮುಂದೆ ಒಂದು ಮಾತೂ ಕೇಳಲಿಲ್ಲ. ಒಳಗಿನಿಂದ ದಾರ ತಂದು, ಸ್ಟೂಲು ಹತ್ತಿ, ಬಾಗಿಲುವಾಡದ ಎಡಗಡೆಯ ಮೊಳೆಗೆ ಬಿಗಿದರು.

ತೋರಣ ಕಟ್ಟಲೆಂದು ಆ ಮೊಳೆಯನ್ನು ಅಪ್ಪ ಹೊಡೆದಿದ್ದರು.